ಮೂಗಿನ ಅಲರ್ಜಿ: ಸೂಜಿ, ಥರ್ಮಲ್ ಕ್ಯಾಮೆರಾ, ಗಾಳಿಮಾಪಕ

ನೀರ್ಚಾಲಿನ ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿ ಅಲುಗಿದರೆ ಸಾಕು, ನನಗೆ ಸೀನು ಶುರು. ಹಾಗಾಗಿ ಅಲರ್ಜಿಯನ್ನು ಪರೀಕ್ಷಿಸುವ ಮೂರು ದಾರಿಗಳನ್ನು ನೋಡಿದೆ.

ಮೊದಲನೆಯದು ಮಂಗಳೂರಿನಲ್ಲಿ ಮಾಡಿಸಿದ ಸ್ಕಿನ್ ಪ್ರಿಕ್ ಟೆಸ್ಟ್. ಮುಂಗೈ ಮೇಲೆ ಅಲರ್ಜಿ ದ್ರವಗಳ ಹನಿ, ಹೋಲಿಕೆಗೆ ಉಪ್ಪುನೀರಿನ ಹನಿ ಇಟ್ಟು ಚುಚ್ಚುತ್ತಾರೆ. 15-20 ನಿಮಿಷದಲ್ಲಿ ಏಳುವ ದದ್ದು ಉಪ್ಪುನೀರಿನ ಹನಿಯ ಜಾಗಕ್ಕಿಂತ 3 ಮಿ.ಮೀ.ಯಾದರೂ ದೊಡ್ಡದಿದ್ದರೆ ಪಾಸಿಟಿವ್. ನನಗೆ ಎದ್ದದ್ದು ಧೂಳಿನ ನುಸಿಗೆ. ಪಾಪ, ಅಡಿಕೆಯನ್ನು ಬೈದದ್ದೇ ಬಂತು. ನೋವೇನಿಲ್ಲ, ಆದರೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕು. ಅದೇ ನಿಜವಾದ ಹಿಂಸೆ.

ಎರಡನೆಯದು ಭಾವನ ಥರ್ಮಲ್ ಕ್ಯಾಮೆರಾ. ಸೋಲಾರ್ ಪ್ಯಾನೆಲ್‌ನ ಬಿಸಿ ಜಾಗ ಹುಡುಕಲು ಅವರು ಫೋನಿಗೆ ಸಿಕ್ಕಿಸುವ ಪುಟ್ಟ ಸಾಧನ. ಅಲರ್ಜಿಯಲ್ಲಿ ದೇಹದೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ರಕ್ತನಾಳ ಹಿಗ್ಗುತ್ತದೆ, ಮೂಗಿನ ಚರ್ಮ ಬಿಸಿಯಾಗುತ್ತದೆ, ಕ್ಯಾಮೆರಾ ಅದನ್ನು ಬಣ್ಣವಾಗಿ ತೋರಿಸುತ್ತದೆ. ನನಗೆ ಅದಕ್ಕಿಂತ ಸೋಜಿಗವೆನಿಸಿದ್ದು ಉಸಿರು. ಒಳಗೆಳೆದಾಗ ಹೊಳ್ಳೆ ನೀಲಿ, ಬಿಟ್ಟಾಗ ಹಳದಿ. ಕಟ್ಟಿದ ಹೊಳ್ಳೆಯಲ್ಲಿ ಮಾತ್ರ ಬಣ್ಣ ಕದಲುವುದೇ ಇಲ್ಲ. ಹಾಗೆಂದು ಅದೇ ಅಲರ್ಜಿಯ ಗುರುತಲ್ಲ, ಆರೋಗ್ಯವಂತರಿಗೂ ಹೊಳ್ಳೆಗಳು ಸರದಿಯಲ್ಲಿ ಕಟ್ಟುತ್ತವೆ.

ಇದರ ತಂಟೆಯೂ ಕಡಿಮೆಯಿಲ್ಲ. ಕನ್ನಡಕ ತೆಗೆದು, ಫ್ಯಾನ್ ಆರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಬೇಕು. ನಮ್ಮ ಎಪ್ರಿಲ್ ಸೆಕೆಗೆ ಫ್ಯಾನಿಲ್ಲದೆ ಕೂತರೆ ಬೆವರು, ಬೆವರಿದರೆ ಚರ್ಮ ತಣ್ಣಗೆ, ಅಲ್ಲಿಗೆ ಲೆಕ್ಕ ಕೆಟ್ಟಿತು. ಬೆಳಗಿನ ತಂಪೇ ಸರಿ. ಹೆದರಿಕೆ, ಒತ್ತಡಕ್ಕೂ ಮೂಗಿನ ತುದಿ ತಣ್ಣಗಾಗುತ್ತದೆ. ಇಂಥ ಅಗ್ಗದ ಕ್ಯಾಮೆರಾ ಹೇಳುವ ಡಿಗ್ರಿಯನ್ನು ನಂಬುವಂತಿಲ್ಲ, ಒಂದೇ ಚಿತ್ರದಲ್ಲಿ ಮೂಗಿಗೂ ಹಣೆಗೂ ಇರುವ ಅಂತರ ನೋಡಬೇಕು. ಯಾವ ವಸ್ತು ತೊಂದರೆ ಕೊಟ್ಟಿತೆಂದು ಅದು ಹೇಳುವುದೂ ಇಲ್ಲ. ಅದನ್ನು ತಿಳಿಯಲು ಮನೆಯಲ್ಲಿ ಮೂಗಿಗೆ ಏನಾದರೂ ಹಾಕಿ ನೋಡುವ ಉಮೇದು ಬೇಡ. ಆ ಪರೀಕ್ಷೆ ವೈದ್ಯರ ಕಣ್ಣೆದುರೇ ಆಗಬೇಕು.

ಮೂರನೆಯದು ಮೂಗಿನಿಂದ ಎಳೆಯುವ ಗಾಳಿಯ ಮಾಪಕ. ಮುಖವಾಡ ಒತ್ತಿ, ಬಾಯಿ ಮುಚ್ಚಿ, ಜೋರಾಗಿ ಎಳೆದರೆ ನಿಮಿಷಕ್ಕೆ ಇಷ್ಟು ಲೀಟರ್ ಎಂದು ಮುಳ್ಳು ನಿಲ್ಲುತ್ತದೆ. ಮೂಗಿನ ಸ್ಪ್ರೇ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ನಾನು ಇದನ್ನೇ ಇಟ್ಟುಕೊಂಡೆ.

ಆದರೆ ಜೋರಾಗಿ ಎಳೆ ಅಂದರೆ ಊದುವ, ಸೂಜಿ ಕಂಡರೆ ಕಿರುಚುವ ಮಕ್ಕಳ ವಿಷಯದಲ್ಲಿ ಕ್ಯಾಮೆರಾಕ್ಕೇ ನನ್ನ ವೋಟು. ಮುಟ್ಟುವುದೇ ಬೇಕಿಲ್ಲವಲ್ಲ. 2007ರಲ್ಲಿ ಕೇಂಬ್ರಿಜ್ಜಿನ ವೈದ್ಯರು ಮಕ್ಕಳ ಮೊಟ್ಟೆ ಅಲರ್ಜಿ ಪರೀಕ್ಷೆಯಲ್ಲಿ ಮೂಗಿನ ಬಿಸಿ ಅಳೆದದ್ದೂ ಹೀಗೆಯೇ. ಅವರ ಕ್ಯಾಮೆರಾ ಮಾತ್ರ ಭಾವನದರಂಥದ್ದಲ್ಲ.