ಇಂಧನ ಯೋಜನೆಗೆ ಕಾನೂನು ಸೇವೆ: ಹಲವು ವರ್ಷಗಳ ಬಳಕೆಯ ನಂತರ

ಸೌರ ವಿದ್ಯುತ್ ಯೋಜನೆಯೊಂದನ್ನು ಜಮೀನು ಹುಡುಕುವ ಹಂತದಿಂದ ಉತ್ಪಾದನೆಯವರೆಗೆ ತಂದು, ಈಗ ನಡೆಸುತ್ತಿರುವ ನಾವು ಮೊದಲಿನಿಂದಲೂ ಒಂದೇ ಕಾನೂನು ಸಂಸ್ಥೆಯ ಸೇವೆ ಪಡೆಯುತ್ತಿದ್ದೇವೆ. ಕರಾರು ಬರೆದುಕೊಡುವವರಿಗೆ ಕೊರತೆಯಿಲ್ಲ. ಆದರೆ ಜಮೀನಿನ ಗುತ್ತಿಗೆ, ಗ್ರಿಡ್ ಸಂಪರ್ಕ, ವಿದ್ಯುತ್ ಖರೀದಿ, ಸಾಲ ಈ ನಾಲ್ಕೂ ಪತ್ರಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು, ಒಂದರ ಗಡುವು ಇನ್ನೊಂದಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸುವವರು ಅಪರೂಪ. ಈ ಸಂಸ್ಥೆಯನ್ನು ನಾನು ಮೆಚ್ಚಿರುವುದು ಮುಖ್ಯವಾಗಿ ಆ ಕಾರಣಕ್ಕೆ.

ನಮ್ಮ ಗುತ್ತಿಗೆಯ ಕರಡಿನಲ್ಲಿ 25 ವರ್ಷಗಳ ಅವಧಿಯನ್ನು ಸಹಿ ಹಾಕಿದ ದಿನದಿಂದ ಎಣಿಸಲಾಗಿತ್ತು; ಖರೀದಿ ಒಪ್ಪಂದದ 25 ವರ್ಷಗಳಾದರೋ ವಾಣಿಜ್ಯ ಉತ್ಪಾದನೆ ಆರಂಭವಾದ ದಿನದಿಂದ ಎಣಿಕೆಯಾಗುತ್ತಿದ್ದವು. ಅಂಕಿ ಒಂದೇ ಆದ್ದರಿಂದ ಮೇಲ್ನೋಟಕ್ಕೆ ತೊಡಕು ಕಾಣುವುದಿಲ್ಲ. ಆದರೆ ಅನುಮತಿ ಮತ್ತು ನಿರ್ಮಾಣಕ್ಕೆ ಎಷ್ಟು ಕಾಲ ಹಿಡಿಯುತ್ತದೆಯೋ ಅಷ್ಟು ಕಾಲ, ಕೊನೆಯಲ್ಲಿ ವಿದ್ಯುತ್ ಪೂರೈಸುವ ಹೊಣೆ ಉಳಿದು ಜಮೀನಿನ ಹಕ್ಕು ಮುಗಿದಿರುತ್ತದೆ. ಸಾಲ ನೀಡುವವರ ವಕೀಲರು ಪ್ರಶ್ನೆ ಎತ್ತುವ ಮೊದಲೇ ಇವರು ಗುತ್ತಿಗೆಯ ಅವಧಿಯನ್ನು ಉತ್ಪಾದನೆಯ ಆರಂಭಕ್ಕೆ ಜೋಡಿಸಿ, ಯಂತ್ರೋಪಕರಣಗಳನ್ನು ಕಳಚಿ ಸಾಗಿಸಲು ಬೇಕಾದ ಕಾಲಾವಕಾಶವನ್ನೂ ಸೇರಿಸಿದರು.

ವಿದ್ಯುತ್ತನ್ನು ಗ್ರಿಡ್‌ಗೆ ಸಾಗಿಸುವ ಪ್ರಸರಣ ಮಾರ್ಗ ತಡವಾದಾಗಲೂ ಈ ಮುನ್ನೆಚ್ಚರಿಕೆ ಕೈಹಿಡಿಯಿತು. ಮಾರ್ಗ ಸಿದ್ಧವಾಗದಿರುವುದು ಉತ್ಪಾದಕರ ತಪ್ಪಲ್ಲವಾದರೂ, ಒಪ್ಪಂದದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯದಿದ್ದರೆ ವಿಳಂಬದ ದಂಡವನ್ನು ಅವರೇ ತೆರಬೇಕಾಗಬಹುದು. ಅಂತಹ ಷರತ್ತನ್ನು ಇವರು ಸೇರಿಸಿದ್ದರು. ಅದಕ್ಕಿಂತ ಹೆಚ್ಚಾಗಿ, ಷರತ್ತಿನ ರಕ್ಷಣೆ ಕೈತಪ್ಪದಂತೆ ಅವಧಿಯೊಳಗೆ ನೋಟಿಸ್ ಕಳುಹಿಸಿ, ದಾಖಲೆಗಳನ್ನು ಜೋಡಿಸಿಟ್ಟರು. ಗಡುವು ವಿಸ್ತರಣೆ ದೊರೆಯಿತು.

ಉತ್ಪಾದನೆ ಆರಂಭವಾದ ಮೇಲೆ ಸೇವೆಯ ಗುಣಮಟ್ಟ ಕುಸಿಯಿತು ಎಂಬುದನ್ನೂ ಹೇಳಬೇಕು. ನಮ್ಮ ಕಡತ ಕಿರಿಯ ವಕೀಲರ ಕೈಸೇರಿತು. ಪರವಾನಗಿ ನವೀಕರಣ, ಅನುಮತಿಗಳ ಷರತ್ತುಗಳ ವರದಿ, ವಿಮೆ ಇವುಗಳ ದಿನಾಂಕಪಟ್ಟಿಯನ್ನು ಅವರು ತಪ್ಪದೆ ಪಾಲಿಸಿದರು. ಆದರೆ ವಿದ್ಯುತ್ ದರ, ನಿಯಮಗಳನ್ನು ನಿರ್ಧರಿಸುವ ನಿಯಂತ್ರಣ ಆಯೋಗದ ಹೊಸ ಆದೇಶ ಬಂದಾಗ, ಅದರಿಂದ ನಮ್ಮ ಘಟಕಕ್ಕೆ ಏನಾಗುತ್ತದೆ ಎಂಬ ಒಂದು ಸಾಲೂ ಇಲ್ಲದೆ ಪ್ರತಿಯನ್ನಷ್ಟೇ ಕಳುಹಿಸುತ್ತಿದ್ದರು. ವಿವರಣೆ ಕೇಳಿದರೆ ಗಂಟೆ ಲೆಕ್ಕದಲ್ಲಿ ಬಿಲ್ ಬರುತ್ತಿತ್ತು. ಹೀಗಾಗಿ ಪ್ರಶ್ನೆ ಕೇಳಲೇ ನಮ್ಮವರು ಹಿಂಜರಿಯತೊಡಗಿದ್ದು ನನಗೆ ನಿಜಕ್ಕೂ ಆತಂಕ ತಂದಿತು. ವಾರ್ಷಿಕ ನಿಗದಿತ ಶುಲ್ಕಕ್ಕೆ ಬದಲಾಯಿಸಿಕೊಂಡ ಮೇಲೆ ಪರಿಸ್ಥಿತಿ ಸುಧಾರಿಸಿದೆ.

ಹಲವು ಕರಾರುಗಳು ಒಂದನ್ನೊಂದು ಅವಲಂಬಿಸಿರುವ ಯೋಜನೆಗಳಿಗೆ ಈ ಬಗೆಯ ಸೇವೆಯನ್ನು ಖಂಡಿತ ಶಿಫಾರಸು ಮಾಡುತ್ತೇನೆ. ಉತ್ಪಾದನೆ ಆರಂಭವಾದ ನಂತರ ಕಡತವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಕಾನೂನು ಸಂಸ್ಥೆಯನ್ನು ನೇಮಿಸಿಕೊಳ್ಳುವ ಪತ್ರದಲ್ಲೇ ಬರೆಸಿಕೊಳ್ಳಬೇಕು. ಸ್ವಂತ ಬಳಕೆಯ ಸಣ್ಣ ಚಾವಣಿ ಘಟಕಕ್ಕೆ ಇಷ್ಟು ದೊಡ್ಡ ವ್ಯವಸ್ಥೆ ಬೇಕಾಗುವುದಿಲ್ಲ.