ಇಕ್ಕಟ್ಟಿನ ಸೈಟಿಗೆ ಮೈಕ್ರೋಪೈಲ್: ಹಣಕ್ಕೆ ತಕ್ಕ ಕೆಲಸ, ಗ್ರೌಟ್ ಸರಿಯಿದ್ದರೆ ಮಾತ್ರ

ಬೆಂಗಳೂರಿನಲ್ಲಿ ಕೆರೆಯಂಗಳಕ್ಕೆ ಮಣ್ಣು ತುಂಬಿಸಿ ಮಾಡಿದ ಸೈಟುಗಳ ಸಂಕಟ ಗೊತ್ತಿರುವುದೇ. ಮೇಲೆ ಒಡೆದ ಕಟ್ಟಡಗಳ ರಾಶಿ, ನಡುವೆ ಕೆಸರು, ತಳದಲ್ಲಿ ಉಂಡೆಗಲ್ಲು. ಅಂಟಿಕೊಂಡಂತೆ ಪಕ್ಕದ ಮನೆ, ಕೊರೆಯುವ ದೊಡ್ಡ ರಿಗ್ ತಿರುಗದ ಗಲ್ಲಿ. ಇಂಥಲ್ಲಿ ಮೈಕ್ರೋಪೈಲ್ (ಸಣ್ಣ ರಂಧ್ರ ಕೊರೆದು, ಕಂಬಿ ಇಳಿಸಿ, ಗ್ರೌಟ್ ಅಂದರೆ ಸಿಮೆಂಟ್–ನೀರಿನ ಗಂಜಿ ತುಂಬಿಸಿದ ತಳಪಾಯದ ತೆಳು ಕಂಬ) ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುತ್ತದೆ. ರಿಗ್ ಸಲೀಸಾಗಿ ಬರುವ, ಮಣ್ಣು ಗಟ್ಟಿಯಿರುವ ಬಯಲು ಸೈಟಿಗೆ ಇದನ್ನು ಹಾಕಿಸುವುದು ದುಂದು.

1950ರ ದಶಕದ ಆರಂಭದಲ್ಲಿ ಇಟಲಿಯ ಫೆರ್ನಾಂಡೊ ಲಿಝ್ಝಿ ಹಳೆಯ ಕಟ್ಟಡಗಳ ತಳಪಾಯ ಬಲಪಡಿಸಲು ರೂಪಿಸಿದ ವಿಧಾನವಿದು. ವ್ಯಾಸ 300 ಮಿ.ಮೀ.ಗಿಂತ ಕಡಿಮೆ. ಭಾರವನ್ನು ಹೊರುವುದು ಮುಖ್ಯವಾಗಿ ಸುತ್ತಲ ನೆಲಕ್ಕೆ ಅಂಟಿಕೊಂಡ ಪೈಲಿನ ಮೈ, ತುದಿಯಲ್ಲ. ತುಂಬಿದ ಮಣ್ಣಿನ ಹಿಡಿತ ನಂಬುವಂಥದ್ದಲ್ಲ, ಹಾಗಾಗಿ ಆ ಭಾಗವನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಅದರ ಕೆಳಗಿನ ಶಿಥಿಲ ಬಂಡೆಯಲ್ಲಿ ಸಿಗುವ ಹಿಡಿತವೇ ಆಧಾರ.

ಆ ಹಿಡಿತ ಕೊಡುವುದು ಗ್ರೌಟ್. ನೀರು–ಸಿಮೆಂಟ್ ಅನುಪಾತ 0.45 ಅಂದರೆ 50 ಕೆ.ಜಿ. ಚೀಲಕ್ಕೆ 22.5 ಲೀಟರ್ ನೀರು. ಸಿಗುವ ಗ್ರೌಟ್ ಸುಮಾರು 38 ಲೀಟರ್. 150 ಮಿ.ಮೀ. ವ್ಯಾಸದ 12 ಮೀಟರ್ ರಂಧ್ರಕ್ಕೆ ಸುಮಾರು 212 ಲೀಟರ್, ಅಂದರೆ ಐದೂವರೆ ಚೀಲ ಬೇಕು. ನಾಲ್ಕೇ ಚೀಲಕ್ಕೆ ತುಂಬಿತೆಂದರೆ ಒಳಗೆ ಗೋಡೆ ಕುಸಿದಿದೆ. ಹತ್ತು ಹೋದರೂ ಮೇಲಕ್ಕೆ ಬರಲಿಲ್ಲವೆಂದರೆ ಬಿರುಕಿನಲ್ಲೋ ಪಕ್ಕದ ಚರಂಡಿಯಲ್ಲೋ ಹರಿಯುತ್ತಿದೆ. ನಿಲ್ಲಿಸಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದು ತುಂಬಿಸಬೇಕು. ಪಂಪ್ ಕಟ್ಟಿಕೊಂಡಿತೆಂದು ಹುಡುಗರು ಗ್ರೌಟಿಗೆ ಇನ್ನಷ್ಟು ನೀರು ಸುರಿಯುವುದೇ ಅತಿ ದೊಡ್ಡ ಅಪಾಯ. ಮಡ್ ಬ್ಯಾಲೆನ್ಸಿನಲ್ಲಿ (ದ್ರವದ ಸಾಂದ್ರತೆ ಅಳೆಯುವ ತಕ್ಕಡಿ) ಗ್ರೌಟಿನ ಸಾಂದ್ರತೆ ನೀರಿನ 1.88 ಪಟ್ಟಿನ ಆಸುಪಾಸು ಇದೆಯೇ ಎಂದು ಪ್ರತಿ ಪೈಲಿಗೂ ನೋಡಿ. ಗ್ರೌಟನ್ನು ರಂಧ್ರದ ತಳದವರೆಗೆ ಇಳಿಸಿದ ಟ್ರೆಮಿ ಪೈಪಿನಲ್ಲಿ ತಳದಿಂದ ತುಂಬಬೇಕು. ಕೆಸರುನೀರು ಹೋಗಿ ಶುದ್ಧ ಗ್ರೌಟ್ ಮೇಲೆ ಉಕ್ಕುವವರೆಗೂ ಪಂಪ್ ನಿಲ್ಲಬಾರದು. ಕೇಸಿಂಗ್ (ಗೋಡೆ ಕುಸಿಯದಂತೆ ರಂಧ್ರಕ್ಕೆ ಇಳಿಸಿದ ಕೊಳವೆ) ಎಳೆಯುವಾಗ ಒಳಗಿನ ಮಟ್ಟ ಇಳಿಯಲು ಬಿಟ್ಟರೆ ಪೈಲಿನ ಕುತ್ತಿಗೆ ಸಣ್ಣದಾಗುತ್ತದೆ. ಕಂಬಿ ನಡುವೆಯೇ ನಿಲ್ಲಲು ಗರಿಷ್ಠ 3 ಮೀಟರಿಗೊಂದು ಸೆಂಟ್ರಲೈಸರ್ ಇರಲಿ.

ಉಂಡೆಗಲ್ಲು ಕೊರೆಯಲು ಡಿಟಿಎಚ್ ಹ್ಯಾಮರ್ (ಗಾಳಿಯ ಒತ್ತಡದಿಂದ ರಂಧ್ರದ ತಳದಲ್ಲೇ ಬಡಿಯುವ ಸುತ್ತಿಗೆ) ಅದ್ಭುತ. ಆದರೆ ಅಂತರ್ಜಲದ ಕೆಳಗಿನ ಸಡಿಲ ಮರಳಿನಲ್ಲಿ ಅದರ ಗಾಳಿ ಮರಳನ್ನೇ ಮೇಲೆತ್ತಿ, ಪಕ್ಕದ ಮನೆಯ ಪಾಯದ ಕೆಳಗೆ ಪೊಳ್ಳು ಮಾಡಬಹುದು. ಅಲ್ಲಿ ಕೇಸಿಂಗ್ ಜೊತೆಗೇ ಇಳಿಸುತ್ತ ನೀರಿನಿಂದ ತೊಳೆಯಿರಿ, ಇಲ್ಲವೇ ಕೊರೆಯುತ್ತಲೇ ಗ್ರೌಟ್ ಬಿಡುವ ಪೊಳ್ಳು ಕಂಬಿ ಬಳಸಿ. ಅಕ್ಕಪಕ್ಕದ ಎರಡು ರಂಧ್ರಗಳನ್ನು ಒಂದೇ ದಿನ ಕೊರೆಯುವುದು ಬೇಡ.

ಪಕ್ಕದಿಂದ ತಳ್ಳುವ ಬಲಕ್ಕೆ ಈ ತೆಳು ಪೈಲ್ ದುರ್ಬಲ. ಅಂಥ ಕಡೆ ಕೆಲವನ್ನು ಓರೆಯಾಗಿ ಇಳಿಸಬೇಕು. ಆಳವಾದ ಕೆಸರಿದ್ದರೆ ಬಾಗದಂತೆ ಕೇಸಿಂಗನ್ನು ಅಲ್ಲೇ ಬಿಡಬೇಕು.

ಗುತ್ತಿಗೆದಾರರು ಮೀಟರ್ ಲೆಕ್ಕದಲ್ಲಿ ದರ ಹೇಳುತ್ತಾರೆ. ಹೆಚ್ಚುವರಿ ಸಿಮೆಂಟ್, ಒಳಗೇ ಉಳಿಯುವ ಕೇಸಿಂಗ್, ಪೈಲ್ ತಳಪಾಯಗಳ ಭಾರತೀಯ ಮಾನದಂಡ ಐಎಸ್ 2911ರಂತೆ ವಿನ್ಯಾಸ ಭಾರದ ಒಂದೂವರೆ ಪಟ್ಟು ಹೇರುವ ಪರೀಕ್ಷೆ, ಇವುಗಳ ಖರ್ಚು ಯಾರದೆಂದು ಕೆಲಸಕ್ಕೆ ಮುಂಚೆಯೇ ಬರೆಸಿಕೊಳ್ಳಿ. ಪ್ರತಿ ಪೈಲಿನ ಆಳ, ಚೀಲಗಳ ಸಂಖ್ಯೆ, ಸಾಂದ್ರತೆ ದಾಖಲಾಗದ ಬಿಲ್ಲಿಗೆ ಹಣ ಕೊಡಬೇಡಿ.