ಆರ್‌ಎಕ್ಸ್-8ಕ್ಕೆ ಹೆಚ್ಚು ಶಕ್ತಿ ಕೇಳಿದರೆ ಈ ಗ್ಯಾರೇಜು ಕೊಡುವುದೇನು

ಮೊದಲೇ ಹೇಳಿಬಿಡುತ್ತೇನೆ, ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾಲೀಕರೇ ಬೇಡವೆಂದರು. ಅವರು ಒಬ್ಬರೇ ಕೆಲಸ ಮಾಡುವವರು. ಈಗಲೇ ವಾರಗಟ್ಟಲೆ ಕಾಯಬೇಕು, ಇನ್ನಷ್ಟು ಜನ ಬಂದರೆ ಫೋನ್ ಎತ್ತುವುದಕ್ಕೇ ಒಬ್ಬರನ್ನು ಇಟ್ಟುಕೊಳ್ಳಬೇಕಾಗುತ್ತದೆ ಎನ್ನುವುದು ಅವರ ತಕರಾರು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಹೇವರ್ಡ್ ಕಡೆ ಮಾಜ್ದಾದ ರೋಟರಿ ಕಾರು (ಎಂಜಿನ್ನಿನಲ್ಲಿ ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವಂಥದ್ದು) ಇಟ್ಟುಕೊಂಡಿರುವ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನನ್ನದು 2005ರ ಆರ್‌ಎಕ್ಸ್-8, ಆರು ಗೇರಿನ ಮ್ಯಾನ್ಯುಯಲ್. ಟೆಸ್ಲಾ ಕಾರ್ಖಾನೆಯ ಊರಿನಲ್ಲಿದ್ದುಕೊಂಡು, ಕನ್ನಡ ಕೂಟದ ಗೆಳೆಯರೆಲ್ಲ ಸದ್ದಿಲ್ಲದೆ ಓಡಾಡುವಾಗ, ಗ್ಯಾಲನ್‌ಗೆ 18 ಮೈಲಿ ಕೊಡುವ ಈ ಕಾರಿನಲ್ಲಿ ದಿನವೂ ಸ್ಯಾನ್ ಹೊಸೆಯ ಕಚೇರಿಗೆ ಹೋಗಿ ಬರುತ್ತೇನೆ. ಲೀಟರ್‌ಗೆ ಏಳೂವರೆ ಕಿಲೋಮೀಟರ್ ಎಂದು ಲೆಕ್ಕ ಹಾಕಿ ನಗುವವರು ನಗಲಿ. ಎರಡು ರೋಟರ್ ಸೇರಿ 1,308 ಸಿಸಿ, ಟರ್ಬೊ ಇಲ್ಲ, 9,000 ಆರ್‌ಪಿಎಂವರೆಗೆ ನಡುಕವಿಲ್ಲದೆ ಏರುವ ಇನ್ನೊಂದು ಎಂಜಿನ್ ತೋರಿಸಿ, ಆಮೇಲೆ ಮಾತನಾಡೋಣ.

ಆದರೆ ಕಾಗದದ ಮೇಲಿನ 238 ಅಶ್ವಶಕ್ತಿ ನನ್ನ ಕಾರಿನಲ್ಲಿ ಇರಲಿಲ್ಲ. ಮಿಷನ್ ಬುಲೆವಾರ್ಡ್‌ನಿಂದ 680 ಹೆದ್ದಾರಿಗೆ ಏರುವಾಗ ಮಕ್ಕಳನ್ನು ತುಂಬಿಕೊಂಡ ಮಿನಿವ್ಯಾನ್ ಪಕ್ಕದಿಂದ ಸಲೀಸಾಗಿ ಮುಂದೆ ಹೋಗುತ್ತಿತ್ತು. ಹಾಗಾಗಿ ಏರ್ ಇನ್‌ಟೇಕ್, ಹೊಸ ಎಕ್ಸಾಸ್ಟ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಎಂದು ಒಂದು ಪಟ್ಟಿ ಬರೆದುಕೊಂಡು ಹೋದೆ. ಮಾಲೀಕರು ಪೋರ್ಟೊ ರಿಕೊದಲ್ಲಿ ಬೆಳೆದವರು. ಹಳೆಯ ಟೊಯೊಟಾ ಕೊರೊಲಾಗೆ ಮಾಜ್ದಾ ರೋಟರಿ ಕೂರಿಸಿ ಡ್ರ್ಯಾಗ್ ರೇಸ್ ಓಡಿಸುವ ದ್ವೀಪ ಅದು. ನನ್ನ ಪಟ್ಟಿಯನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. "ದಿನಾ ಓಡಿಸುತ್ತೀರೋ, ವಾರಕ್ಕೊಮ್ಮೆಯೋ?" ಎಂದು ಕೇಳಿದರು. ದಿನಾ ಎಂದೆ. "ಹಾಗಾದರೆ ಮೊದಲು ಕಂಪ್ರೆಷನ್ ನೋಡೋಣ. ಇರುವುದನ್ನು ನೋಡದೆ ಹೊಸದನ್ನು ಮಾರುವುದಿಲ್ಲ."

ಈ ಗ್ಯಾರೇಜಿಗೆ ಕೊಟ್ಟ ಹಣ ಸಾರ್ಥಕವಾಗುವುದು ಇಲ್ಲಿಯೇ. ರೋಟರಿಯ ಕಂಪ್ರೆಷನ್, ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಅದುಮುವ ಒತ್ತಡ, ಅಳೆಯಲು ಸಾಮಾನ್ಯ ಗೇಜ್ ಸಾಲದು. ತ್ರಿಕೋನಾಕಾರದ ರೋಟರ್‌ಗೆ ಮೂರು ಮುಖಗಳಿರುತ್ತವೆ. ಮಾಮೂಲಿ ಗೇಜ್ ಮೂರರಲ್ಲಿ ಗಟ್ಟಿಯಾಗಿರುವುದರ ಒತ್ತಡವನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ, ಉಳಿದ ಎರಡು ಸತ್ತಿದ್ದರೂ ತಿಳಿಯುವುದಿಲ್ಲ. ಇವರ ಬಳಿ ಮೂರೂ ಮುಖಗಳನ್ನು ಬೇರೆ ಬೇರೆ ಅಳೆದು, 250 ಆರ್‌ಪಿಎಂ ಲೆಕ್ಕಕ್ಕೆ ಹೊಂದಿಸಿ ಹೇಳುವ ಉಪಕರಣವಿದೆ. ಮಾಜ್ದಾ ಒಪ್ಪುವ ಕನಿಷ್ಠ ಮಟ್ಟ ಚದರ ಸೆಂಟಿಮೀಟರಿಗೆ 6.9 ಕಿಲೋ. ನನ್ನ ಮುಂದಿನ ರೋಟರ್ 7.6ರ ಆಸುಪಾಸು, ಹಿಂದಿನದು 7.3. ಹೊಸದರಂತಲ್ಲ, ಆದರೆ ಎಂಜಿನ್ ಬಿಚ್ಚುವ ಪ್ರಮೇಯವಿಲ್ಲ. ನಾನು ಉಸಿರು ಬಿಟ್ಟೆ.

ಆಮೇಲೆ ಡೈನೊ, ಅಂದರೆ ಚಕ್ರಗಳಿಗೆ ತಲುಪುವ ಶಕ್ತಿ ಅಳೆಯುವ ಯಂತ್ರ. ಅದು ಅವರದ್ದಲ್ಲ, ಎರಡು ಬೀದಿ ಆಚೆಯ ಇನ್ನೊಂದು ಅಂಗಡಿಯದು, ಶುಲ್ಕವೂ ಬೇರೆ. ಚಕ್ರಗಳಲ್ಲಿ ಬಂದದ್ದು 152 ಅಶ್ವಶಕ್ತಿ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ನುಂಗುವುದನ್ನು ಬಿಟ್ಟರೂ ಆರೋಗ್ಯವಂತ ಆರ್‌ಎಕ್ಸ್-8 180ರ ಹತ್ತಿರ ತೋರಿಸಬೇಕು. ಎರಡರ ನಡುವಿನ ಆ ಅಂತರ ನಾನು ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಹಾಕಿಸಿದ್ದರೂ ಸಿಗುತ್ತಿದ್ದುದಕ್ಕಿಂತ ಹೆಚ್ಚು.

ಶಕ್ತಿ ಎಲ್ಲಿ ಸೋರುತ್ತಿತ್ತು? ಒಂದು, ಕಿಡಿಯಲ್ಲಿ. ಈ ಎಂಜಿನ್‌ಗೆ ನಾಲ್ಕು ಸ್ಪಾರ್ಕ್ ಪ್ಲಗ್, ಪ್ರತಿ ರೋಟರ್‌ಗೆ ಎರಡು. ಒಂದೊಂದಕ್ಕೂ ಕಿಡಿಗೆ ವಿದ್ಯುತ್ ಕೊಡುವ ಸ್ವಂತ ಕಾಯಿಲ್. ಕಾಯಿಲ್‌ಗಳು ಕುಳಿತಿರುವ ಜಾಗದ ಬಿಸಿಗೆ 30,000 ಮೈಲಿ ಆಗುವ ಹೊತ್ತಿಗೆ ಸೋಲುತ್ತವೆ ಎನ್ನುವುದು ಈ ಕಾರಿನ ಮಾಲೀಕರೆಲ್ಲರ ಬಾಯಿಪಾಠ. ಕಿಡಿ ಸೋತರೆ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರೊಳಗಿನ ಜಾಲರಿ ಕರಗಿ ದಾರಿ ಕಟ್ಟಿಕೊಳ್ಳುತ್ತದೆ. ಹೊರಹೋಗಲಾರದ ಬಿಸಿ ಹಿಂದಿರುಗಿ ಎಂಜಿನ್‌ನ ಸೀಲ್‌ಗಳನ್ನೇ ಸುಡುತ್ತದೆ. ಅಗ್ಗದ ಕಾಯಿಲ್ ದುಬಾರಿ ಎಂಜಿನ್ ಅನ್ನು ಕೊಲ್ಲುವುದು ಹೀಗೆ. ನನ್ನ ಕನ್ವರ್ಟರಿನ ಒತ್ತಡವನ್ನೂ ಅಳೆದರು. ಪುಣ್ಯಕ್ಕೆ ಇನ್ನೂ ತೆರೆದಿತ್ತು.

ಪ್ಲಗ್ ಬದಲಿಸುವುದನ್ನು ನಿಂತು ನೋಡಿದೆ. ಬಾನೆಟ್ ಎತ್ತುವ ಮಾತೇ ಇಲ್ಲ. ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ಆ ಗೂಡಿನೊಳಗೆ ಮೊಣಕೈವರೆಗೆ ತೋಳು ತೂರಿಸಿ, ಕಣ್ಣು ಮುಚ್ಚಿಕೊಂಡೇ ತಿರುಗಿಸುತ್ತಿದ್ದರು. ಕೆಳಗಿನ ಎರಡು ಲೀಡಿಂಗ್ (ಮೊದಲು ಕಿಡಿ ಕೊಡುವವು), ಮೇಲಿನ ಎರಡು ಟ್ರೇಲಿಂಗ್ (ಅದರ ಹಿಂದೆ ಕೊಡುವವು). ಎರಡರ ಹೀಟ್ ರೇಂಜ್ (ಬಿಸಿಯನ್ನು ಹೊರಸಾಗಿಸುವ ಮಟ್ಟ) ಬೇರೆ, ಅದಲುಬದಲಾದರೆ ಅನಾಹುತ. ಅವರು ಪ್ರತಿ ಪ್ಲಗ್ ಅನ್ನೂ ಒರೆಸಿ, ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ, ಆಮೇಲೆ ಕೂರಿಸಿದರು. ಇಷ್ಟು ವರ್ಷದ ಅನುಭವವಿದ್ದೂ ಓದುತ್ತಾರಲ್ಲ, ಅಲ್ಲಿಗೆ ನನ್ನ ನಂಬಿಕೆ ಗಟ್ಟಿಯಾಯಿತು.

ಎರಡನೆಯ ಸೋರಿಕೆ ಗಾಳಿಯದು. ಈ ಮಾದರಿಯ ಎಂಜಿನ್ ವೇಗ ಏರಿದಂತೆ ಒಂದೊಂದೇ ಇನ್‌ಟೇಕ್ ಬಾಗಿಲನ್ನು ತೆರೆದುಕೊಳ್ಳುತ್ತದೆ. 3,700 ಆರ್‌ಪಿಎಂ ಸುಮಾರಿಗೆ ಒಂದು ವಾಲ್ವ್, 6,000 ದಾಟಿದ ಮೇಲೆ ಇನ್ನೊಂದು. ಮೊದಲನೆಯದರ ದಂಡಕ್ಕೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಓಡಿಸಿ ಬಂದು ನೋಡಿದರು. ಚುಕ್ಕೆ ಅರ್ಧ ಮಾತ್ರ ಅಳಿಸಿತ್ತು. ಅಂದರೆ ವಾಲ್ವ್ ಇಂಗಾಲ ಕಚ್ಚಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಬಿಚ್ಚಿ ತೊಳೆದ ಮೇಲೆ ಬೆರಳಿನಿಂದ ತಳ್ಳಿದರೆ ಸರ್ರನೆ ಹೋಗಿ ಬರುತ್ತದೆ. ನಾನು ಟ್ರಾಫಿಕ್‌ಗೆ ಹೆದರಿ ಎಂಜಿನ್ ಅನ್ನು ಸದಾ ಕೆಳಗಿನ ಆರ್‌ಪಿಎಂನಲ್ಲೇ ಇಟ್ಟುಕೊಂಡು ಓಡಿಸುತ್ತಿದ್ದುದೂ ಇದಕ್ಕೆ ಕಾರಣವಂತೆ. ಕಾರು ಬಿಸಿಯಾದ ಮೇಲೆ ದಿನಕ್ಕೊಮ್ಮೆಯಾದರೂ ಕೆಂಪು ಗೆರೆಯವರೆಗೆ ಏರಿಸಿ ಎಂಬ ವೈದ್ಯಕೀಯ ಸಲಹೆ ಸಿಕ್ಕಿತು. ಹೆಂಡತಿಗೆ ಇದನ್ನು ಸಾಕ್ಷಿ ಸಮೇತ ವರದಿ ಮಾಡಿದ್ದೇನೆ.

ಕೆಲಸ ಮುಗಿದ ಮೇಲೆ ಅದೇ ಡೈನೊದಲ್ಲಿ 181.

ಪಟ್ಟಿಯಲ್ಲಿದ್ದ ಉಳಿದವುಗಳ ಗತಿ? ಕಂಪನಿಯ ಏರ್ ಬಾಕ್ಸ್ ತಂಪು ಗಾಳಿಯನ್ನೇ ಎಳೆಯುತ್ತದೆ, ಬದಲಿಸಿದರೆ ಸದ್ದು ಹೆಚ್ಚುತ್ತದೆ, ಬಲ ಹೆಚ್ಚೆಂದರೆ ಬೆರಳೆಣಿಕೆಯಷ್ಟು. ಕನ್ವರ್ಟರ್ ಕಿತ್ತರೆ ಬಲ ಬರುವುದು ನಿಜ, ಕಾನೂನು ಒಪ್ಪುವುದಿಲ್ಲ, ಎರಡು ವರ್ಷಕ್ಕೊಮ್ಮೆ ಬರುವ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಟರ್ಬೊ ಮಾತೆತ್ತಿದ್ದಕ್ಕೆ ಅವರು ಕುರ್ಚಿ ಎಳೆದುಕೊಂಡು ಕುಳಿತರು. ಹಳೆಯ ಆರ್‌ಎಕ್ಸ್-7ರ ಟರ್ಬೊ ಎಂಜಿನ್‌ನ ಕಂಪ್ರೆಷನ್ ಅನುಪಾತ 9, ಇದರದ್ದು 10, ಅಂದರೆ ಟರ್ಬೊದ ಒತ್ತಡ ತಾಳುವ ಅವಕಾಶ ಕಡಿಮೆ. ಅದರ ಹೊಗೆ ಹೊರಹೋಗುವುದು ಅಂಚಿನಿಂದ, ಇದರದ್ದು ಪಕ್ಕದ ಗೋಡೆಗಳಿಂದ. ಟರ್ಬೊದ ಬಿಸಿಯನ್ನು ದಿನನಿತ್ಯ 880 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಈ ಎಂಜಿನ್‌ಗೆ ಹೊರಿಸುವುದು ಬೇಡ, ಭಾನುವಾರದ ಕಾರಾದರೆ ಬನ್ನಿ, ಮಾತನಾಡೋಣ ಎಂದರು. ಹತ್ತು ಸಾವಿರ ಡಾಲರ್ ಕೆಲಸವನ್ನು ಕೈಯಾರೆ ಬಿಟ್ಟುಕೊಟ್ಟ ಮನುಷ್ಯ.

ಒಂದು ವಿಷಯದಲ್ಲಿ ಮಾತ್ರ ನಾನು ಮೊದಲೇ ಪಳಗಿದ್ದೆ. ರೋಟರಿ ತನ್ನ ಸೀಲ್‌ಗಳಿಗಾಗಿ ಎಂಜಿನ್ ಆಯಿಲ್ ಅನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತದೆ. ಜೊತೆಗೆ ಗ್ಯಾಲನ್ ಪೆಟ್ರೋಲ್‌ಗೆ ಅರ್ಧ ಔನ್ಸ್ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ಎಂದು ಅವರು ಹಿಂಜರಿಯುತ್ತಲೇ ಹೇಳಿದರು. ಗಿರಾಕಿಗಳು ಮುಖ ಸಿಂಡರಿಸುತ್ತಾರಂತೆ. ನಾನು ಮೈಸೂರಿನವನು. ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಊರಿನಲ್ಲಿ, ಚಿಕ್ಕಪ್ಪನ ಯೆಜ್ಡಿಯ ಟ್ಯಾಂಕ್‌ಗೆ ಆಯಿಲ್ ಅಳೆದು ಹಾಕಿ ಬೆಳೆದವನು. ಬಂಕಿನಲ್ಲಿ ಬಾಟಲಿ ತೆಗೆದಾಗ ಪಕ್ಕದವರು ನೋಡಿದರೆ ನನಗೇನೂ ಅನ್ನಿಸುವುದಿಲ್ಲ.

ಇನ್ನು ಗ್ಯಾರೇಜಿನ ಕುಂದುಗಳು. ಬಿಲ್ ಕೈಬರಹದ್ದು, ಬಿಡಿಭಾಗ ಎಷ್ಟು, ಕೂಲಿ ಎಷ್ಟು ಎಂದು ಕೇಳಿ ಬಿಡಿಸಿಕೊಳ್ಳಬೇಕು. ಡೈನೊ ಬಿಟ್ಟು 1,150 ಡಾಲರ್ ಆಯಿತು. ಎರಡು ದಿನ ಎಂದವರು ಒಂದು ವಾರ ಇಟ್ಟುಕೊಂಡರು, ಬದಲಿ ಕಾರು ಕೊಡುವುದಿಲ್ಲ. ಕೂರುವ ಜಾಗವೆಂದರೆ ಹಳೆಯ ರೋಟರ್ ಹೌಸಿಂಗ್ ಮೇಲೆ ಹಲಗೆ ಇಟ್ಟ ಒಂದು ಬೆಂಚು. ಸಂದೇಶಕ್ಕೆ ಉತ್ತರ ಬರುವುದು ರಾತ್ರಿ ಹನ್ನೊಂದರ ಮೇಲೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ಕಳೆದ ಒಂದು ಪೂರ್ತಿ ಆ ಬಿಲ್‌ಗೆ.

ಹೋಗುವವರು ಕಾರನ್ನು ಚೆನ್ನಾಗಿ ಓಡಿಸಿ, ಬಿಸಿಯಾಗಿರುವಾಗಲೇ ಒಯ್ಯಿರಿ. ತಣ್ಣಗಿನ ಎಂಜಿನ್‌ನಲ್ಲಿ ಅವರು ಕಂಪ್ರೆಷನ್ ಅಳೆಯುವುದಿಲ್ಲ. ಮನೆ ಮುಂದೆ ಸ್ಟಾರ್ಟ್ ಮಾಡಿ ನಾಲ್ಕಡಿ ಸರಿಸಿ ಆಫ್ ಮಾಡುವ ಅಭ್ಯಾಸವಿದ್ದರೆ ಅದನ್ನೂ ಇವತ್ತೇ ಬಿಡಿ. ಹಾಗೆ ಮಾಡಿ ಎಂಜಿನ್ನಿನೊಳಗೆ ಉರಿಯದ ಪೆಟ್ರೋಲ್ ತುಂಬಿಕೊಂಡು ಸ್ಟಾರ್ಟ್ ಆಗದ ಕಾರುಗಳನ್ನು ಟೋ ಟ್ರಕ್ಕಿನಲ್ಲಿ ತಂದವರಿಗೆ ಅವರು ಹೆಚ್ಚುವರಿ ಬಿಲ್ ಹಾಕುತ್ತಾರೆ, ಅದೂ ಕೈಬರಹದಲ್ಲೇ.